ಸೋರೆಬುರುಡೆ ಕಟ್ಟಿ ಈಸಿದ ದಿನಗಳು

ನಮ್ಮ ಅವ್ವ ಹೊಳೆದಂಡೆಯ ಊರಿನ ಮಗಳು. ರಬಕವಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೂ ಕೃಷ್ಣೆಯನ್ನು ಕಂಡರೆ ಅವಳಿಗೆ ತವರು ಕಂಡಷ್ಟು ಹಿಗ್ಗು. ಬೇಸಿಗೆಯಲ್ಲಿ ನೀರು ಇಳಿದಾಗ ಅರಿವೆ ಒಗೆಯುವ ನೆಪದಿಂದ ನನ್ನನ್ನೂ ತಮ್ಮನನ್ನೂ ಹೊಳೆಗೆ ಕರೆದೊಯ್ಯುತ್ತಿದ್ದಳು. ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ತಾನೂ ಸೀರೆಯ ಕಚ್ಚೆ ಬಿಗಿದು ಇಳಿಯುವಳು. ನೀರೊಳಗೆ ಮುಳುಗಿ ಬಂದು ಕಾಲು ಹಿಡಿದೆಳೆದು, "ಮೊಸಳಿ ಬಂತಲೇ!" ಎಂದು ಕೂಗುವಳು.

"ಮಕ್ಕಳಕಿಂತ ನಿಂದ ಹುಡುಗಾಟ ಜಾಸ್ತಿ ಆತಲ್ಲಬೇ," ಎಂದು ದಂಡೆಯ ಹೆಂಗಸರು ಚಾಷ್ಟಿ ಮಾಡುತ್ತಿದ್ದರು.

"ಇವರೇನು ಮಗ್ಗದ ಕುಣ್ಯಾಗ ಕುಂಡ್ರಾಕ ಹುಟ್ಯಾರೇನ್ರೀ? ಜಮಖಂಡಿ ದೊಡ್ಡ ಸಾಲಿಗೆ ಹೋಗಾವ್ರು. ಹೊಳಿಗೇ ಅಂಜಿದ್ರ ಅಲ್ಲಿ ಮಾಸ್ತರ್ಗ ಅಂಜೂದಿಲ್ಲೇನು?" ಎನ್ನುವಳು ಅವ್ವ.

ಆಟ ಎಷ್ಟೇ ಇರಲಿ, ಮನೆ ಬಿಡುವ ಮೊದಲು ಎರಡೂ ಬುರುಡೆಗಳನ್ನು ನೀರಿನ ಬಾನಿಯಲ್ಲಿ ಅದುಮಿ, ಗುಳ್ಳೆ ಏಳುತ್ತವೆಯೇ ಎಂದು ನೋಡದೆ ಅವಳು ಹೊರಡುತ್ತಿರಲಿಲ್ಲ.

ಒಂದು ದಿನ ದಾರಿಯುದ್ದಕ್ಕೂ ನಾನು ನನ್ನ ಬುರುಡೆಯನ್ನು ಮೇಲಕ್ಕೆ ಎಸೆದು ಹಿಡಿಯುತ್ತ ಬಂದೆ. ಹೊಳೆಯ ಮೆಟ್ಟಿಲ ಮೇಲೆ ಕೈತಪ್ಪಿ ಬಿದ್ದು ಅದು ಸಣ್ಣಗೆ ಬಿರುಕು ಬಿಟ್ಟಿತು. ಅವ್ವ ಕಂಡರೆ ನನ್ನನ್ನು ಆ ದಿನ ನೀರಿಗೆ ಬಿಡಲಾರಳು. ಅವಳು ಅರಿವೆ ನೆನೆಸುತ್ತಿದ್ದಾಗ ಅದನ್ನು ತಮ್ಮನ ಪಾಲಿಗಿಟ್ಟು ಅವನದನ್ನು ತೆಗೆದುಕೊಂಡೆ. ಬಿರುಕಿನೊಳಗೆ ನೀರು ಹೋಗುವುದು ಗೊತ್ತಿರಲಿಲ್ಲ ಎಂದು ಈಗಲೂ ಹೇಳಲಾರೆ. ದಂಡೆಯ ಬಳಿಯೇ ಈಸುತ್ತಾನೆ, ಏನಾದೀತು ಅಂದುಕೊಂಡೆ.

ತಮ್ಮ ಮುಳುಗಿದ. ಅವ್ವ ಮೊದಲು ಆಟವೆಂದು ನಕ್ಕಳು. ಆಮೇಲೆ ಹಾರಿ, ಕೂದಲು ಹಿಡಿದು ಎಳೆದುಕೊಂಡು ಬಂದಳು. ಕುಡಿದ ನೀರನ್ನೆಲ್ಲ ಕಾರಿದ ಮೇಲೆ ಅವನು, "ಆಟ ಅಲ್ಲಬೇ, ಖರೇನ ಮುಳಗಿದ್ನಿ," ಎಂದು ಅತ್ತ. ಅವ್ವ ಬುರುಡೆ ತಿರುಗಿಸಿ ನೋಡಿ ಹಣೆ ಬಡಿದುಕೊಂಡಳು. "ನಾನ ಸರಿಯಾಗಿ ನೋಡಲಿಲ್ಲಲ್ಲೋ!"

ನಾನು ನನ್ನ ಬೆನ್ನಿನ ಬುರುಡೆಯ ಗಂಟು ಬಿಚ್ಚತೊಡಗಿದೆ.

ಅಂದಿಗೆ ಹೊಳೆಯ ಆಟ ನಿಂತಿತು. ಅವಳಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆಯೇ ಹೋಯಿತು. ಮಗ್ಗದಲ್ಲಿ ಹರಿದ ಎಳೆಯನ್ನು ತಾನೇ ಕೂಡಿಸಿಯೂ ಅಪ್ಪನನ್ನು ಕರೆದು, "ಒಂದೀಟು ನೋಡ್ರಿ, ಬರೋಬ್ಬರಿ ಐತೇನು?" ಎನ್ನುತ್ತಿದ್ದಳು. ಅದನ್ನು ಕೇಳುತ್ತ ವರ್ಷಗಟ್ಟಲೆ ಬಾಯಿ ಬಿಡದೆ ಕಳೆದೆ. ಬುರುಡೆ ಬದಲಿಸಿದ್ದಕ್ಕಿಂತ ಇದೇ ನನ್ನ ದೊಡ್ಡ ಪಾಪ.

ನಾನು ಜಮಖಂಡಿಯ ಹೈಸ್ಕೂಲು ಸೇರಿದೆ. ತಮ್ಮನೂ ಊರ ಶಾಲೆ ಮುಗಿಸಿದಾಗ ಅವನನ್ನು ಅಲ್ಲಿಗೆ ಕಳಿಸಲು ಅವ್ವ ಒಲ್ಲೆ ಎಂದು ಕುಳಿತಳು. ಆಗ ಜಮಖಂಡಿ ಬೇರೆ ಸಂಸ್ಥಾನದ ಊರು.

"ಕಣ್ಣ ಮುಂದ ಇದ್ದಾಗನ ಇವನ್ನ ಕಳಕೊಳ್ಳತಿದ್ದೆ. ಬ್ಯಾರೆ ರಾಜರ ಊರಿಗೆ ಕಳಿಸಿ ನಾ ಹ್ಯಾಂಗ ಇರ್ಲಿ?"

ಅಪ್ಪ ತಮ್ಮನನ್ನು ಮಗ್ಗದ ಕುಣಿಯಲ್ಲಿ ಕೂರಿಸಿ ಲಾಳಿ ಎಸೆಯಲು ಕಲಿಸತೊಡಗಿದ. ರಜೆ ಮುಗಿದು ನಾನು ಹೊರಡುವ ಹಿಂದಿನ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ.

ಅವಳ ಕೈ ನಿಂತಿತು. "ಅಂದ್ರ, ಮುಂಜಾನೆ ನಾ ನೋಡಿದಾಗ ಛಲೋ ಇತ್ತು?"

"ಇತ್ತಬೇ."

"ಗುಳ್ಳಿ ಬಂದಿರಲಿಲ್ಲ?"

"ಇಲ್ಲ. ಒಡದಾವ ನಾನ, ಬದಲಿ ಮಾಡಿದಾವನೂ ನಾನ."

ಹಿಟ್ಟಿನ ಕೈಯಿಂದಲೇ ಕೆನ್ನೆಗೆ ಬಿತ್ತು. ಇನ್ನೊಂದೂ ಬಿತ್ತು. ಬಳಿಕ ಗೋಡೆಗೆ ಒರಗಿ ಉಸಿರು ಬಿಟ್ಟಳು. "ನನ್ನ ಮಗನ್ನ ನಾನ ಕೊಲ್ಲತಿದ್ದೆ ಅಂತ ಇಷ್ಟ್ ವರ್ಷ ತಿಳಕೊಂಡಿದ್ನೆಲ್ಲೋ, ಖೋಡಿ!" ಅಳುತ್ತಲೇ ನಕ್ಕಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ತೆಗೆಯಲಿಲ್ಲ. ತಮ್ಮನನ್ನು ಕೂಗಿ ಕರೆದು, "ನಿಮ್ಮಣ್ಣ ಏನ್ ಮಾಡ್ಯಾನ ಕೇಳು," ಎಂದು ಎಲ್ಲವನ್ನೂ ಹೇಳಿದಳು.

ತಮ್ಮ ನನ್ನನ್ನು ಮೇಲೆ ಕೆಳಗೆ ನೋಡಿದ. "ಹಂಗಾದ್ರ ಜಮಖಂಡ್ಯಾಗ ನನ್ನ ಅರಿವಿ ಇವನ ಒಗೀಬೇಕು."

ಅವನು ಹೋಗಬಹುದೆಂದು ಯಾರೂ ಇನ್ನೂ ಅಂದಿರಲಿಲ್ಲ. ನಾನು ಅವ್ವನ ಮುಖ ನೋಡಿದೆ.

"ಒಗೀತಾನ. ಹಾಸಗೀನೂ ಹಾಸ್ತಾನ," ಎಂದಳು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನ್ ನೋಡ್ತೀಯೋ? ಇನ್ನಷ್ಟು ಹಿಟ್ಟು ತಾ. ನಾಳೆ ಇಬ್ಬರಿಗೂ ಬುತ್ತಿ ಬೇಕು."

ಕೆನ್ನೆಯನ್ನೂ ಒರೆಸಿಕೊಳ್ಳದೆ ಹಿಟ್ಟಿನ ಗಡಿಗೆಯ ಕಡೆ ಓಡಿದೆ.