ಮೆಷಿನ್ ಸರಿಯಾಗಿಯೇ ಇತ್ತು ಸರ್...

ಇಲ್ಲ... ಈಗಲೂ ನಂಬಲಿಕ್ಕೆ ಆಗುತ್ತಿಲ್ಲ.

ಬೆಳಿಗ್ಗೆ ಡಿಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಸಾವಿನ ಮೆಸೇಜ್ ನೋಡಿ, ಬೇರೆ ಯಾರೋ ರಝಾಕ್ ಇರಬೇಕು ಅಂದುಕೊಂಡೆ.
ನಮ್ಮ ರಝಾಕ್ ಸರ್ ಮೊನ್ನೆಯಷ್ಟೇ ಫೋನಿನಲ್ಲಿ ನಗುತ್ತಿದ್ದರು...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದವರು. ವಿಟ್ಲದವರು.
ರಿಟೈರ್ ಆದ ಮೇಲೂ ಬಸ್ಸು ಹತ್ತಿ ಲ್ಯಾಬಿಗೆ ಬರುತ್ತಿದ್ದವರು.

ಒಂದೇ ವಸ್ತು ಅಯಸ್ಕಾಂತವೂ ಆಗಿರಬೇಕು, ಕರೆಂಟಿನ ಮಾತನ್ನೂ ಕೇಳಬೇಕು... ಅವರ ಸಂಶೋಧನೆ ಇದೇ.
ಅಂಥದ್ದು ಸಿಕ್ಕಿದರೆ ನಾಳೆಯ ಫೋನು, ಕಂಪ್ಯೂಟರು ಚೂರು ಕರೆಂಟಿನಲ್ಲಿ ನಡೆದಾವು ಅನ್ನುತ್ತಿದ್ದರು.
ಅದಕ್ಕಾಗಿ ಪುಡಿಗಳನ್ನು ಬೆರೆಸಿ, ಸಣ್ಣ ಕಲ್ಲಿನ ಕುಟ್ಟಾಣಿಯಲ್ಲಿ ಕೈಯಲ್ಲೇ ಅರೆದು, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಸುಡುತ್ತಿದ್ದರು.
ಅರೆಯುವ ಮೆಷಿನ್ ಪಕ್ಕದಲ್ಲೇ ಉಂಟು. "ಅದಕ್ಕೆ ಅವಸರ ಜಾಸ್ತಿ ಮಾರಾಯ್ತಿ" ಅನ್ನುತ್ತಿದ್ದರು.

ಕಳೆದ ವರ್ಷ ಅವರ ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದರು.
ನಮ್ಮ ಅಳತೆಯ ರೂಮಿನ ಮೆಷಿನಿನಲ್ಲಿರುವುದು ದೊಡ್ಡ ಅಯಸ್ಕಾಂತ. ಪೇಸ್‌ಮೇಕರ್ ಇದ್ದವರು ಅದರ ಹತ್ತಿರ ಸುಳಿಯುವ ಹಾಗಿಲ್ಲ.
ನಾನೇ ಬಾಗಿಲಿಗೆ ಕೆಂಪು ಅಕ್ಷರದ ಬೋರ್ಡು ಅಂಟಿಸಿದೆ...

ಸರ್ ಅದರ ಮುಂದೆ ನಿಂತು ನಕ್ಕರು.
"ಈ ಕಾಲೇಜಿನಲ್ಲಿ ಪೇಸ್‌ಮೇಕರ್ ಇರುವವ ನಾನೊಬ್ಬನೇ. ಸುಮ್ಮನೆ ನನ್ನ ಹೆಸರೇ ಬರೆಯಬಹುದಿತ್ತಲ್ಲ!"

ಆಮೇಲೆ ಹೊರಗಿನ ಬೆಂಚೇ ಅವರ ಲ್ಯಾಬ್ ಆಯಿತು. ಅಲ್ಲೇ ಕೂತು ಅರೆಯುತ್ತಿದ್ದರು.

ಸರ್...
ಹಬ್ಬ ಕಳೆದ ಮೇಲೆ ಮಾತ್ರೆಯ ಡಬ್ಬಿಯಲ್ಲಿ ಒಂದು ಬಿಲ್ಲೆ ತಂದು ಕೊಟ್ಟಿರಲ್ಲ...
"ಇದು ಆಗ್ತದೆ ಅಂತ ಕಾಣ್ತದೆ. ಅಳೆಯುವಾಗ ಒಂದು ವಿಡಿಯೋ ಕಾಲ್ ಮಾಡು. ಇಲ್ಲೇ ಕೂತು ನೋಡ್ತೇನೆ" ಅಂದಿರಿ.
ಸ್ಕ್ರೀನಿನಲ್ಲಿ ಸಪೂರ ಗೆರೆ ಬಂದರೆ ಏನೂ ಇಲ್ಲ. ಗೆರೆ ನಡುವೆ ಬಿಚ್ಚಿಕೊಂಡು ಹೊಟ್ಟೆ ಬಿಟ್ಟರೆ ಅಯಸ್ಕಾಂತ.
ಅಷ್ಟು ನೋಡಲಿಕ್ಕೆ ನೀವು ಕಾದಿರಿ...

ನಾನು ಡಬ್ಬಿಯನ್ನು ಡ್ರಾಯರಿಗೆ ಹಾಕಿದೆ.
ನನ್ನ ಪೇಪರ್ ಇತ್ತು, ಪ್ರಮೋಷನ್ ಇತ್ತು. ಮೆಷಿನಿನಲ್ಲಿ ನನ್ನದೇ ಸ್ಯಾಂಪಲ್‌ಗಳು ಸಾಲಾಗಿ ಓಡುತ್ತಿದ್ದವು.
ನೀವು ಕೇಳಿದಾಗಲೆಲ್ಲ ಹೇಳಿದೆ, "ಕೂಲಿಂಗ್ ಪ್ರಾಬ್ಲೆಮ್ ಸರ್. ಮೆಷಿನ್ ಸರಿ ಇಲ್ಲ. ಮುಂದಿನ ವಾರ ನೋಡುವ."
ನೀವು ಒಳಗೆ ಬಂದು ನೋಡುವ ಹಾಗೆಯೇ ಇರಲಿಲ್ಲವಲ್ಲ...
ಬಾಗಿಲಿನಲ್ಲಿ ನನ್ನ ಬೋರ್ಡು ಇತ್ತು.
ನಿಮ್ಮ ಜೀವ ಕಾಯಲಿಕ್ಕೆ ಅಂಟಿಸಿದ್ದು, ನನ್ನ ಸುಳ್ಳನ್ನು ಕಾಯಿತು.
ಥೂ... ನನ್ನ ಜನ್ಮಕ್ಕಿಷ್ಟು!

ಇವತ್ತು ಸುದ್ದಿ ಕೇಳಿದ ಕೂಡಲೇ ಬೆಳ್ತಂಗಡಿಯ ನನ್ನ ಮನೆಯಿಂದ ಸೀದಾ ವಿಟ್ಲಕ್ಕೆ ಹೋಗಬೇಕಿತ್ತು.
ಹೋದದ್ದು ಲ್ಯಾಬಿಗೆ.
ದುಬೈಯಿಂದ ನಿಮ್ಮ ತಮ್ಮ ಬರುವವರೆಗೆ ಕಾಯುತ್ತಾರೆ, ಸಂಜೆಯಾಗುತ್ತದೆ ಅಂದುಕೊಂಡೆ. ಇಷ್ಟು ವರ್ಷ ಒಟ್ಟಿಗೆ ಉಂಡವಳಿಗೆ ನಿಮ್ಮಲ್ಲಿ ದಫನಕ್ಕೆ ತಡ ಮಾಡುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ...

ಬಿಲ್ಲೆ ಇಟ್ಟೆ. ಮೆಷಿನ್ ಆನ್ ಮಾಡಿದೆ.
ಗೆರೆ ಹೋಯಿತು... ತಿರುಗಿತು...
ಬಿಚ್ಚಿಕೊಂಡಿತು ಸರ್. ಚೆಂದಕ್ಕೆ ಹೊಟ್ಟೆ ಬಿಟ್ಟಿತು.
ಅಭ್ಯಾಸ ನೋಡಿ... ಬಾಗಿಲು ತೆಗೆದು ಬೆಂಚಿನ ಕಡೆ "ಸರ್!" ಅಂತ ಕೂಗಿದೆ.

ಪ್ರಿಂಟ್ ಹಿಡಿದು ಓಡಿದೆ. ಬಿ.ಸಿ. ರೋಡಿನಲ್ಲಿ ಟ್ರಾಫಿಕ್ ಬ್ಲಾಕ್.
ಮನೆ ಮುಟ್ಟುವಾಗ ನಿಮ್ಮನ್ನು ಮಸೀದಿಗೆ ಕೊಂಡು ಹೋಗಿ ಆಗಿತ್ತು.
ಮುಖ ನೋಡಲಿಕ್ಕೂ ಸಿಗಲಿಲ್ಲ...

ನಿಮ್ಮ ಹೆಂಡತಿ ಜಮೀಲಕ್ಕನ ಕೈಗೆ ಆ ಕಾಗದ ಕೊಟ್ಟೆ. ಬೇರೇನು ಕೊಡಬೇಕು ಅಂತ ಗೊತ್ತಾಗಲಿಲ್ಲ.
"ಸರ್ ಹೇಳಿದ್ದು ಸರಿ ಇತ್ತು ಅಕ್ಕ. ಬಂತು" ಅಂದೆ.
ಅವರು ಅದನ್ನು ತುಂಬಾ ಹೊತ್ತು ನೋಡಿದರು. ಮತ್ತೆ ನನ್ನ ತಲೆ ಸವರಿದರು.

"ಅಂತೂ ಮೆಷಿನ್ ಸರಿಯಾಯ್ತಾ ಟೀಚರ್? ಇವರು ಯಾವಾಗಲೂ ಹೇಳ್ತಿದ್ದರು... ಪಾಪ, ಆ ಹುಡುಗಿ ಒಬ್ಬಳೇ ಆ ಮೆಷಿನಿನೊಟ್ಟಿಗೆ ಒದ್ದಾಡ್ತಾ ಇದ್ದಾಳೆ, ನಾನು ಒಳಗೆ ಹೋಗಿ ಸಹಾಯ ಮಾಡುವ ಹಾಗೂ ಇಲ್ಲ ಅಂತ. ನಿಮಗಾಗಿ ದುಆ ಮಾಡ್ತಿದ್ದರು."

ಹೌದಕ್ಕ, ಸರಿಯಾಯ್ತು ಅಂದೆ.
ಆ ಮನೆಯಲ್ಲಿ ನಿಂತು ಬೇರೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ಮೆಷಿನ್ ಹಾಳಾಗಿರಲೇ ಇಲ್ಲ ಸರ್.

ಹೋಗಿ ಬನ್ನಿ...
ನೀವು ನಂಬಿದ ದೇವರು ನಿಮ್ಮನ್ನು ಯಾವ ಬಾಗಿಲಿನ ಹೊರಗೂ ಕಾಯಿಸದಿರಲಿ.
ನಿಮ್ಮ ಆತ್ಮಕ್ಕೆ ನೆಮ್ಮದಿ ಸಿಗಲಿ. 🙏