ಮುಯ್ಯಾಳಾಗಿ ಉಳಿಸಿಕೊಂಡ ಅಮೆರಿಕ

ನಾನು ಅಮೆರಿಕ ನೋಡಿಲ್ಲ, ನೋಡುವುದೂ ಇಲ್ಲ. ಕೊಟ್ಟಿಗೆಹಾರದಿಂದ ಘಾಟಿ ಇಳಿಯುವಷ್ಟರಲ್ಲೇ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿಕೊಳ್ಳುವ ಹೆಂಗಸು ಸಮುದ್ರದ ಮೇಲೆ ಹಾರುವ ಮಾತಾಡಬಾರದು. ಆದರೂ ಆ ದೇಶದ ಈಶಾನ್ಯ ಮೂಲೆಯಲ್ಲಿ ಹಿಮ ಕರಗುವ ಹೊತ್ತಿಗೆ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆಂದೂ, ಅದನ್ನು ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿದ ಹಾಗೆ ಕಾಯಿಸುತ್ತಾರೆಂದೂ ನನಗೆ ಗೊತ್ತು. ಮರವೇ ಇಲ್ಲದ ಬಯಲಿಗೆ ಹೋದವರು ಹುಲ್ಲು ಬೆಳೆದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕತ್ತರಿಸಿ ಗೋಡೆ ಎಬ್ಬಿಸಿದರೆಂದೂ ಗೊತ್ತು. ಮದುವೆಮನೆಯಲ್ಲಿ ಇದನ್ನೆಲ್ಲ ಹೇಳಲು ಹೋಗಿ ನನ್ನ ಪಕ್ಕದ ಕುರ್ಚಿ ಖಾಲಿಯಾದದ್ದೂ ಉಂಟು.

ಈ ವಿದ್ಯೆಗೆಲ್ಲ ಮೂಲ ಬಾಳೂರಿನ ಹತ್ತಿರದ ನಮ್ಮ ಬೆಳೆಗಾರರ ಕ್ಲಬ್ಬಿನ ಒಂದು ಬೀರು. ಅದರಲ್ಲಿ ಅಮೆರಿಕದ ಇತಿಹಾಸ, ಜನಜೀವನ ಎಂದು ಪ್ರಾಂತ್ಯಕ್ಕೊಂದು ದಪ್ಪ ಇಂಗ್ಲಿಷ್ ಸಂಪುಟವಿತ್ತು. ಇವನ್ನು ತರಿಸಿದ ಹಿಂದಿನ ಅಧ್ಯಕ್ಷರು ಒಂದು ಪುಟವನ್ನೂ ಓದಿದವರಲ್ಲ. ಹೊಸ ಸೋಫಾದ ಕೆಂಪಿಗೆ ಈ ರಟ್ಟಿನ ಕೆಂಪು ಹೊಂದುತ್ತದೆ ಎಂದು ತರಿಸಿದ್ದರಂತೆ. ಸೋಫಾ ಹರಿದುಹೋಯಿತು, ಪುಸ್ತಕ ಉಳಿಯಿತು. ಯಾವ ವಿಷಯ ಯಾವ ಸಂಪುಟದಲ್ಲಿದೆ ಎಂದು ಹೇಳುವ ಸೂಚಿ ಪುಸ್ತಕ ಮಾತ್ರ ಇಸ್ಪೀಟಿನ ಮೇಜಿನ ಗಿಡ್ಡ ಕಾಲಿನ ಅಡಿ ಸೇರಿತು. ಹಾಗಾಗಿ ಒಂದು ಸಂಗತಿ ಬೇಕೆಂದರೆ ನಾನು ಎಲ್ಲ ಸಂಪುಟಗಳನ್ನೂ ತಿರುವಿಹಾಕಬೇಕು, ನನ್ನ ಪಾಂಡಿತ್ಯ ಬೆಳೆದದ್ದೇ ಹೀಗೆ. ಶನಿವಾರ ಸಂಜೆ ನಮ್ಮ ಯಜಮಾನರು ಆ ಮೇಜಿನಲ್ಲಿ ಇಸ್ಪೀಟಿಗೆ ಕೂತರೆ ನಾನು ಬೀರುವಿನ ಪಕ್ಕ ಕೂತು ಊರೂರು ತಿರುಗುತ್ತಿದ್ದೆ.

ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ರುದ್ರೇಗೌಡರು ಬೀರುವಿನ ಮುಂದೆ ಬಂದು ನಿಂತರು.

"ಅಕ್ಕ, ಇದನ್ನೆಲ್ಲ ಗುಜರಿಗೆ ಹಾಕ್ತೀವಿ. ಗ್ಲಾಸು ಇಡಕ್ಕೆ ಜಾಗ ಇಲ್ಲ," ಎಂದರು.

"ನಾನು ಓದ್ತೀನಲ್ಲ."

"ನೀವೊಬ್ರೇ ಓದಿದ್ರೆ ಹೆಂಗೆ? ನಾಕು ಮನೆಗೆ ಹೋಗೋ ಪುಸ್ತಕ ಆದ್ರೆ ಇಡಾಣ. ಯುಗಾದಿ ಆದ್ಮೇಲೆ ಮೀಟಿಂಗಲ್ಲಿ ನೋಡಾಣ."

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಮನೆ, ತೋಟ, ಕಳಸದ ಪೇಟೆ, ಇಷ್ಟರಲ್ಲೇ ಸುತ್ತುವ ನನಗೆ ಲೋಕಕ್ಕೆ ಹೊರಡುವ ಬಸ್ ಸ್ಟ್ಯಾಂಡು ಆ ಬೀರುವೇ. ಅದನ್ನು ಗುಜರಿಯವನ ತಕ್ಕಡಿಗೆ ಬಿಟ್ಟುಕೊಡುವುದಿಲ್ಲ ಎಂದು ಅಲ್ಲೇ ಹಟ ಹಿಡಿದೆ.

ಮೊದಲ ದಾಳಿ ಪಕ್ಕದ ತೋಟದ ಲಲಿತಕ್ಕನ ಮೇಲೆ. ಅಮೆರಿಕದವರು ಸ್ವಾತಂತ್ರ್ಯಕ್ಕೆ ಹೋರಾಡಿದ ಕಥೆಯಿರುವ ಸಂಪುಟವನ್ನು ಎತ್ತಿಕೊಂಡು ಹೋಗಿ, ಇತಿಹಾಸ ತಿಳಿಯದವರ ಬಾಳು ಎಂಥದ್ದು ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದೆ. ಆಕೆ ಒಣಮೆಣಸಿನ ಮೇಲಿನ ಕೈ ತೆಗೆಯದೆ, "ಅವರ ಜಗಳ ನಂಗ್ಯಾಕೆ ಮಾರಾಯ್ತಿ? ನಮ್ಮನೆ ಬೇಲಿ ಜಗಳನೇ ಮುಗ್ದಿಲ್ಲ," ಎಂದಳು. ನಾನು ಕಾಫಿ ಕುಡಿದು ಸಂಪುಟ ಹೊತ್ತುಕೊಂಡು ವಾಪಸು ಬಂದೆ.

ದಾರಿ ತೋರಿಸಿದ್ದೂ ಆ ಪುಸ್ತಕಗಳೇ. ಅಲ್ಲಿಯ ರೈತರು ಹಿಂದೆ ಕಣಜದ ಮನೆ ಕಟ್ಟುವಾಗ ಸುತ್ತಲಿನವರೆಲ್ಲ ಸೇರಿ ಒಂದೇ ದಿನದಲ್ಲಿ ಅದರ ಚೌಕಟ್ಟು ಎತ್ತಿ ನಿಲ್ಲಿಸುತ್ತಿದ್ದರಂತೆ. ಕೂಲಿಯಿಲ್ಲ, ಊಟ ಉಂಟು. ನಾಳೆ ಅವರ ಮನೆಯ ಕೆಲಸಕ್ಕೆ ಇವರು ಹೋಗಬೇಕು. ಇದರ ಬಗ್ಗೆ ಪಂಡಿತರು ಅಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ಒಂದೇ ಮಾತು, ಮುಯ್ಯಾಳು. ಇವತ್ತು ನನ್ನ ಗದ್ದೆಯ ನಾಟಿಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಆಳುಗಳೇ ಸಿಗದ ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ಆಮಿಷ ಯಾವುದಿದೆ?

ಮರುದಿನವೇ ಲಲಿತಕ್ಕನ ಮನೆಗೆ ಹೋಗಿ ಕೂತು ಬೆನ್ನು ಹಿಡಿದುಕೊಳ್ಳುವವರೆಗೆ ಮೆಣಸು ಆರಿಸಿದೆ. ಮುಯ್ಯಿಗೆ ಏನು ಬೇಕೆಂದು ಆಕೆಯೇ ಕೇಳಿದಳು. ಬಟ್ಟೆ ತುಂಡು ಜೋಡಿಸಿ ಹೊಲಿದ ಅಮೆರಿಕದ ಕೌದಿಗಳ ಚಿತ್ರವಿರುವ ಸಂಪುಟವನ್ನು ಮಡಿಲಿಗಿಟ್ಟು, ಇದನ್ನು ಮನೆಯಲ್ಲಿಟ್ಟುಕೊಂಡು ಓದಿದರೆ ಸಾಕು ಎಂದೆ. ಈ ಸಲ ಭಾಷಣ ಮಾಡಲಿಲ್ಲ. ರಾಣಿಝರಿಗೆ ಪ್ರವಾಸಿಗರನ್ನು ಒಯ್ಯುವ ಜೀಪಿನ ದಿನೇಶನ ಮನೆಯಲ್ಲಿ ಹಲಸಿನ ಹಪ್ಪಳ ಒತ್ತಿದೆ. ಅವನು ಪಶ್ಚಿಮದ ಬೆಟ್ಟಗಳ ಸಂಪುಟದಲ್ಲಿ ಒಂದು ರಸ್ತೆಯ ಚಿತ್ರವನ್ನು ತುಂಬ ಹೊತ್ತು ನೋಡಿ, "ಅಕ್ಕ, ಇದಕ್ಕೇ ಕಷ್ಟದ ರೋಡು ಅಂತ ಬರ್ದಿದಾರಾ? ಇವ್ರು ನಮ್ಮ ಕಡೆ ಬಂದಿಲ್ಲ ಹಂಗಾರೆ," ಎಂದ. ಆಮೇಲೆ ಪುಸ್ತಕವನ್ನು ಜೀಪಿನ ಮುಂದಿನ ಸೀಟಿನಲ್ಲಿಟ್ಟುಕೊಂಡು ಪ್ರವಾಸಿಗರಿಗೂ ತೋರಿಸತೊಡಗಿದ. ಹೀಗೆ ಮನೆ ಮನೆಗೆ ಮುಯ್ಯಾಳಾಗಿ ಹೋದೆ. ಹೊರನಾಡಿನಲ್ಲಿ ಯಾತ್ರಿಕರಿಗೆ ರೂಮು ಕೊಡುವವರ ಮನೆಯ ಉಪ್ಪಿನಕಾಯಿಗೂ ಮಾವಿನಕಾಯಿ ಹೆಚ್ಚಿದ್ದೇನೆ. ಅಮೆರಿಕ ಕಟ್ಟಿದವರಿಗೂ ಇಷ್ಟು ಸೊಂಟ ನೋವು ಬಂದಿತ್ತೋ ಇಲ್ಲವೋ.

ಮೀಟಿಂಗಿನ ದಿನ ರುದ್ರೇಗೌಡರು ಗುಜರಿಯವನನ್ನೂ ಕರೆಸಿಯೇ ಬೀರು ತೆಗೆದರು. ಒಳಗೆ ಜಿರಳೆ ಬಿಟ್ಟರೆ ಏನೂ ಇರಲಿಲ್ಲ.

"ಪುಸ್ತಕ ಎಲ್ಲಕ್ಕ?"

"ಓದೋರ ಮನೇಲಿ," ಎಂದೆ.

"ಒಳ್ಳೇದೇ ಆಯ್ತು. ಅವು ಅಲ್ಲೇ ಇರ್ಲಿ, ಬೀರಲ್ಲಿ ಗ್ಲಾಸು ಇಡಾಣ."

ಇದು ನಾನು ಯೋಚಿಸದ ಪೆಟ್ಟು. ತಿರುಗಿ ಬರಲು ಜಾಗವಿಲ್ಲದ ಪುಸ್ತಕಗಳು ಒಂದು ಮಳೆಗಾಲ ಕಳೆಯುವುದರೊಳಗೆ ಎಲ್ಲೆಲ್ಲೋ ಬೂಸ್ಟು ಹಿಡಿದು ಸಾಯುತ್ತವೆ. ನಾನು ಬಾಯಿ ತೆರೆಯುವ ಮೊದಲು, ಇಸ್ಪೀಟು ಕಲಸುತ್ತಿದ್ದ ನಮ್ಮ ಯಜಮಾನರು ತಲೆಯೆತ್ತದೆ ಮಾತಾಡಿದರು.

"ರುದ್ರಣ್ಣ, ದಕ್ಷಿಣದ ಸಂಪುಟ ನಮ್ಮನೇಲಿದೆ. ಹಂದಿ ಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಮನೇಲಿ ನೇತು ಹಾಕಿ ವರ್ಷಗಟ್ಲೆ ಇಡೋದು ಹೆಂಗಂತ ಬರ್ದಿದಾರೆ ಮಾರಾಯ."

ನಾನು ಅವರ ಮುಖವನ್ನೇ ನೋಡಿದೆ. ಇವರು ಯಾವಾಗ ಓದಿದರು? ಆ ಸಂಪುಟಕ್ಕೆ ಮನೆಯೇ ಸಿಗಲಿಲ್ಲವೆಂದು ನಾನೇ ನಮ್ಮ ಮಂಚದ ಪಕ್ಕ ಇಟ್ಟಿದ್ದೆ. ನನಗೆ ಬಂದ ಖುಷಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹಂದಿಕರಿಯ ವಿಷಯದಲ್ಲಿ ರುದ್ರೇಗೌಡರ ನಾಲಗೆ ಇಡೀ ಬಾಳೂರಿಗೇ ಗೊತ್ತು. ಅವರು ಗುಜರಿಯವನನ್ನು ಹೊರಗೆ ನಿಲ್ಲುವಂತೆ ಹೇಳಿ, "ಅಕ್ಕ, ಅದು ಎರಡು ದಿನಕ್ಕೆ ಸಿಗ್ತದಾ?" ಎಂದರು.

"ಸಿಗ್ತದೆ. ಮುಯ್ಯಿ ಆಗ್ಬೇಕು. ಬೀರು ಪುಸ್ತಕಕ್ಕೇ ಇರ್ಬೇಕು, ಮತ್ತೆ ಅದನ್ನ ನೀವೇ ಎತ್ತಿ ಕೊಡ್ಬೇಕು," ಎಂದು ಮೇಜಿನ ಕಾಲು ತೋರಿಸಿದೆ.

ಕಾರ್ಯದರ್ಶಿಗಳು ಪಂಚೆ ಎತ್ತಿಕಟ್ಟಿ, ಮೊಣಕಾಲೂರಿ, ಸೂಚಿಯನ್ನು ಎಳೆದು ತೆಗೆದು, ಧೂಳು ಹೊಡೆದು ನನ್ನ ಕೈಗಿಟ್ಟರು. ಮೇಜು ವಾಲಿ ಇಸ್ಪೀಟೆಲ್ಲ ನೆಲಕ್ಕೆ ಬಿತ್ತು.

ಈಗ ಆ ಕಾಲಿನ ಅಡಿ ಒಂದು ಇಟ್ಟಿಗೆ ಇದೆ. ಆದರೂ ಮೇಜು ಸ್ವಲ್ಪ ವಾಲುತ್ತದೆ ಎಂದು ಆಡುವವರು ಗೊಣಗುತ್ತಾರೆ. ವಾಲಲಿ.