ಹುಳ ಹಿಡಿಯದ ಸೊಳೆ

ಶೇಷಮ್ಮ ಒಣಗಿಸಿಕೊಟ್ಟ ಹಲಸಿನ ಸೊಳೆಗೆ ಹುಳ ಹಿಡಿದಿರಲಿಲ್ಲ. ಹಿಡಿದಿದೆ ಎಂದು ನಾನು ಸುಳ್ಳು ಹೇಳಿದೆ. ಮೊದಲು ಅವಳಿಗೆ ಹೇಳಿದೆ, ಆಮೇಲೆ ನಮ್ಮೂರು ಹಿರೇಕೊಡಿಗೆಯ ಹೆಂಗಸರಿಗೆಲ್ಲ ಹೇಳಿದೆ.

ಅವಳು ನಮ್ಮಲ್ಲಿ ಕೂಲಿಗೆ ಬರುತ್ತಿದ್ದವಳು. ಬೇಸಿಗೆ ಬಂತೆಂದರೆ ಮಾತ್ರ ಅವಳಿಗೆ ಬೇರೆಯದೇ ಬೆಲೆ. ಮಳೆಗಾಲಕ್ಕೆ ಬೇಕಾದದ್ದನ್ನು ಒಣಗಿಸಿ ತುಂಬಿಡಲು ಏಳೆಂಟು ಮನೆಯವರು ಅವಳನ್ನೇ ಕಾಯುತ್ತಿದ್ದರು. ಸೊಳೆ ಬಿಡಿಸಿ, ಅರೆಬೇಯಿಸಿ, ಚಾಪೆಯ ಮೇಲೆ ಹರವುತ್ತಿದ್ದಳು. ಒಣಗಿತೆನ್ನಿಸಿದಾಗ ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಟಕ್ಕೆಂದರೆ ಡಬ್ಬಕ್ಕೆ, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಅವಳು ತುಂಬಿಟ್ಟದ್ದು ಎರಡು ವರ್ಷವಾದರೂ ಕೆಡುತ್ತಿರಲಿಲ್ಲ.

ಒಂದು ವರ್ಷ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. ರೇಷನ್ ಲಾರಿ ಬರಲಿಲ್ಲ, ಕೂಲಿಯೂ ನಿಂತಿತು. ನಮ್ಮ ಅಟ್ಟದಲ್ಲಿ ಹನ್ನೊಂದು ಡಬ್ಬ ಸೊಳೆಯಿತ್ತು. ಮನೆಯಲ್ಲಿದ್ದವರು ನಾನು, ನನ್ನ ಗಂಡ — ಇಬ್ಬರೇ. ಆದರೂ ನಾನು ದಿನಾ ಅಟ್ಟ ಹತ್ತಿ ಡಬ್ಬಗಳನ್ನು ಮುಟ್ಟಿ ನೋಡಿ ಇಳಿಯುತ್ತಿದ್ದೆ.

ಆರನೆಯ ದಿನ ಶೇಷಮ್ಮ ಬಂದು ಜಗಲಿಯ ಕೆಳಗೆ ನಿಂತಳು.

"ಅಮ್ಮಾ, ಮಗಳು ಬಾಣಂತಿ, ಗೊತ್ತಲ್ಲ. ಅಕ್ಕಿ ಸಾಲ್ತಾ ಇಲ್ಲ. ಒಂದ್ ಡಬ್ಬ ಸೊಳೆ ಕೊಡಿ. ಅವಳಿಗಲ್ಲ, ಬಾಣಂತಿಗೆ ಹಲಸು ಆಗಲ್ಲ — ನಾವು ಮೂವರು ಅದನ್ನ ಬೇಯಿಸ್ಕಂಡು ತಿಂದ್ರೆ ಅಕ್ಕಿ ಅವಳಿಗೆ ಉಳೀತದೆ."

ಕೊಡುವುದಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಅಟ್ಟದಲ್ಲಿ ಎಷ್ಟಿದೆಯೆಂದು ಅವಳಿಗೆ ಗೊತ್ತು, ತುಂಬಿದವಳೇ ಅವಳು. ಜಿಪುಣಿ ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

"ಎಂತ ಸೊಳೆ ಮಾರಾಯ್ತಿ!" ಎಂದೆ. "ನೀನು ಒಣಗಿಸಿದ್ದು ಅಷ್ಟೂ ಹುಳ. ಎಲ್ಲ ಬಿಸಾಕಿದೆ. ಕೆಲಸ ಮಾಡುವಾಗ ಗಮನ ಎಲ್ಲಿತ್ತು ನಿಂಗೆ?"

ಅವಳು ಒಣಗಿಸಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು.

"ಕಡೇ ಎರಡು ದಿನ ಮೋಡ ಇತ್ತಲ್ಲ ಅಮ್ಮಾ. ಆಗ ತುಂಬಬಾರ್ದಿತ್ತು. ತಪ್ಪಾತು."

ನನ್ನ ಸುಳ್ಳಿಗೊಂದು ಕಾರಣವನ್ನೂ ಅವಳೇ ಹುಡುಕಿಕೊಟ್ಟಳು. ಅವಳು ಬರಿಗೈಯಲ್ಲಿ ಇಳಿದು ಹೋಗುವುದನ್ನು ನೋಡಿದೆ. ಆಗ ನನಗಾದದ್ದು — ಸಂಕಟವಲ್ಲ, ಸಮಾಧಾನ.

ಇನ್ನೊಂದು ವಾರಕ್ಕೆ ರಸ್ತೆ ತೆರೆಯಿತು. ಒಂದು ಡಬ್ಬದ ಮುಚ್ಚಳವನ್ನೂ ನಾವು ತೆಗೆದಿರಲಿಲ್ಲ. ಮಹಿಳಾ ಸಂಘದ ಸಭೆಯಲ್ಲಿ ಯಾರೋ ಶೇಷಮ್ಮನನ್ನು ಹೊಗಳಿದಾಗ, ಸುಳ್ಳು ಬಯಲಾದೀತೆಂದು, ಅದನ್ನೇ ಮತ್ತೆ ಹೇಳಿದೆ. "ಅವಳ ಕೈ ಈಗ ಮೊದಲಿನ ಹಾಗಿಲ್ಲ." ಅಷ್ಟು ಸಾಕಾಯಿತು. ಮರುವರ್ಷ ಅವಳನ್ನು ಯಾವ ಮನೆಯವರೂ ಕರೆಯಲಿಲ್ಲ.

ಕರೆಯದಿದ್ದರೂ ನಮ್ಮನೆಗೆ ಬಂದಳು. "ಹೋದ್ಸಲದ್ದು ಹಾಳು ಮಾಡಿದ್ನಲ್ಲ ಅಮ್ಮಾ, ಈ ಸಲ ಕೂಲಿ ಬ್ಯಾಡ" ಎಂದಳು. ಒಂಬತ್ತು ದಿನ ದುಡಿದಳು — ನಾನು ದುಡಿಸಿಕೊಂಡೆ. ಅವಳು ಮುರಿದು ನೋಡಿದ ಸೊಳೆಯನ್ನು ನಾನೂ ಮುರಿದು ನೋಡಿ, "ಇನ್ನೊಂದು ಬಿಸಿಲು ಬೇಕು" ಎಂದೆ. ಬೇಕಿರಲಿಲ್ಲ. ತಲೆಯಾಡಿಸಿ ಮತ್ತೆ ಹರವಿದಳು. ಅಟ್ಟ ಹತ್ತಲು ಮಾತ್ರ ಅವಳನ್ನು ಬಿಡಲಿಲ್ಲ. ಹೊಸ ಡಬ್ಬಗಳಿಗೆ ಜಾಗ ಬೇಕಿತ್ತಲ್ಲ — ಹಳೆಯ ಸೊಳೆಯನ್ನು ನೆನೆಸಿ ದನಗಳಿಗೆ ಹಾಕಿದೆ. ಹನ್ನೊಂದು ಡಬ್ಬದಲ್ಲಿ ಒಂದು ಹುಳವೂ ಸಿಗಲಿಲ್ಲ.

ಆಮೇಲೆ ಅವಳು ಮೇಗುಂದದ ಕಡೆ ಕಾಫಿ ಎಸ್ಟೇಟಿಗೆ ಹೋಗತೊಡಗಿದಳು. ವರ್ಷಗಳು ಕಳೆದ ಮೇಲೆ, ಹೋದ ತಿಂಗಳು, ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಏಕೆ ಈಗ ಎಂದು ಕೇಳಿದರೆ — ಗೊತ್ತಿಲ್ಲ. ಜಗಲಿಯಲ್ಲಿ ಕೂತಿದ್ದವಳು ನನ್ನನ್ನು ಕೂರಲು ಹೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಒಂದರಲ್ಲೂ ಹುಳ ಇರ್ಲಿಲ್ವಾ ಅಮ್ಮಾ?"

"ಇರಲಿಲ್ಲ."

"ಆ ವಾರ ಮಗಳಿಗೆ ಹಾಲು ಬತ್ತಿ ಹೋಗಿತ್ತು" ಎಂದಳು. ನನಗೆ ಹೇಳಿದ ಹಾಗಿರಲಿಲ್ಲ. ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬರುವ ಸಭೆಯಲ್ಲಿ ಎದ್ದು ನಿಂತು, ಹೆಂಗಸರೆದುರಿಗೆ ಇದನ್ನೇ ಹೇಳುತ್ತೇನೆ. ಹೇಳಿದ ಮೇಲೆ ಯಾರಾದರೂ ಅವಳನ್ನು ಮತ್ತೆ ಕರೆಯಬಹುದು. ಆದರೆ ಅವಳ ಮಂಡಿ ಸೋತಿದೆ, ಚಾಪೆಯ ಮುಂದೆ ಕೂತು ಒಣಗಿಸುವುದು ಅವಳಿಂದ ಇನ್ನು ಆಗದು. ಅದು ಗೊತ್ತಿದ್ದೇ ಹೇಳಲು ಹೊರಟಿದ್ದೇನೆ.